ನಮ್ಮೂರ ವಾಟ್ಸಾಪ್ ಗ್ರೂಪು, ಎಂಟು ವರ್ಷ ಬಳಸಿದ ಮೇಲೆ

ನಾವು ಇರುವುದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆ. ಹದಿನೆಂಟು ಮನೆಯ ಊರು. ಕೆಲವು ಮನೆಗೆ ಅಂಗಳದಲ್ಲಿ ನಿಂತು ಕೂ ಹಾಕಿದರೆ ಕೇಳುತ್ತದೆ, ಕೆಲವಕ್ಕೆ ತೋಟ ದಾಟಿ, ಹಳ್ಳ ದಾಟಿ, ಗುಡ್ಡ ಹತ್ತಿ ಇಳಿಯಬೇಕು. 2017ರಲ್ಲಿ ಡೈರಿಗೆ ಹಾಲು ಹಾಕುವವರಿಗೆ ಅಂತ ಒಂದು ವಾಟ್ಸಾಪ್ ಗ್ರೂಪು ಶುರುವಾಯಿತು, ಹಾಲಿನ ಗಾಡಿ ತಡವಾದರೆ ತಿಳಿಸಲಿಕ್ಕೆ. ಆಮೇಲೆ ಡೈರಿಗೆ ಹಾಲು ಹಾಕದವರೂ ಸೇರಿದರು, ಬೆಂಗಳೂರಲ್ಲಿರುವ ಮಕ್ಕಳು ಸೇರಿದರು, ಲೈನ್‌ಮನ್ ಸೇರಿದರು, ಆಶಾ ಕಾರ್ಯಕರ್ತೆ ಸೇರಿದರು. ಈಗ 43 ಜನ ಇದ್ದೇವೆ.

ಹೋಟೆಲ್ಲು, ಮಿಕ್ಸಿ, ಬಟ್ಟೆ ಅಂಗಡಿಗೆಲ್ಲ ಅಭಿಪ್ರಾಯ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಗ್ರೂಪಿನ ಬಗ್ಗೆ, ಅದರ ಜೊತೆಗೆ ಅದೇ ಫೋನಿನಲ್ಲಿ ಬಂದು ಕೂತಿರುವ ಉಳಿದ ಸೋಶಿಯಲ್ ಮೀಡಿಯಾ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮೊದಲೇ ಹೇಳಿಬಿಡುತ್ತೇನೆ. ಏನಾದರೂ ಕೆಲಸ ಇದ್ದು ಫೋನ್ ತೆಗೆದರೆ ಇದರಷ್ಟು ಉಪಕಾರಿ ಮತ್ತೊಂದಿಲ್ಲ. ಕೆಲಸ ಇಲ್ಲದೆ ಸುಮ್ನೆ ತೆಗೆದರೆ ಇದರಷ್ಟು ಹೊತ್ತು ತಿನ್ನುವುದೂ ಮತ್ತೊಂದಿಲ್ಲ. ಊರಿನ ಗ್ರೂಪಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬೆರಳು ಎಳೆದಷ್ಟೂ ಬರುವ ಚಿಕ್ಕ ವಿಡಿಯೋಗಳಿಗೆ ಒಂದು.

ನಾಲ್ಕೂವರೆ ಯಾಕೆ ಅಂದರೆ ಒಂದು ರಾತ್ರಿಯ ಕಥೆ ಹೇಳಬೇಕು. ಹೋದ ವರ್ಷ ಜುಲೈ, ಆಷಾಢದ ಮಳೆ, ಕರೆಂಟು ಹೋಗಿ ಆರು ತಾಸಾಗಿತ್ತು. ರಾತ್ರಿ ಒಂದೂ ಮುಕ್ಕಾಲಿಗೆ ನಮ್ಮವರ ಫೋನು ಟಣ್ ಅಂತು. ಮೇಲಿನಮನೆ ಹುಡುಗನ ವಾಯ್ಸ್ ಮೆಸೇಜು, ಹತ್ತು ಹನ್ನೆರಡು ಸೆಕೆಂಡಿನದು. ಮಳೆ ಸದ್ದೇ ಜಾಸ್ತಿ ಕೇಳುತ್ತಿತ್ತು. ‘ಅಪ್ಪಯ್ಯಂಗೆ ಎದೆನೋವು, ಗಾಡಿ ತೆಗೆದಿದೀವಿ, ಕ್ರಾಸ್ ಹತ್ರ ಹೊನ್ನೆಮರ ಅಡ್ಡ ಬಿದ್ದಿದೆ, ಯಾರಾದ್ರೂ ಬನ್ನಿ’ ಅಂತ. ನಮ್ಮವರು ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟರು. ಕೆಳಗಿನಮನೆಯವರು ಮರ ಕೊಯ್ಯುವ ಮೆಷಿನ್ ತಂದರು. ಲೈನ್‌ಮನ್ ಅದೇ ಮೆಸೇಜಿಗೆ ‘ಆ ಲೈನ್ ಆಫ್ ಇದೆ, ಧೈರ್ಯವಾಗಿ ಕೊಯ್ಯಿರಿ’ ಅಂತ ಬರೆದರು. ಇದು ನನಗೆ ಈಗಲೂ ಮೈ ಜುಂ ಅನ್ನಿಸುವ ಮಾತು, ಯಾಕೆಂದರೆ ಮರದ ಜೊತೆಗೆ ತಂತಿಯೂ ಬಿದ್ದಿತ್ತು, ಕತ್ತಲಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಅರ್ಧ ತಾಸಿನಲ್ಲಿ ದಾರಿ ಬಿಟ್ಟಿತು. ಮೇಲಿನಮನೆ ದೊಡ್ಡಪ್ಪ ಹೊಸನಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಹೋದರು. ಸ್ಟೆಂಟ್ ಹಾಕಿದರು. ಈಗ ಬೆಳಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ.

ಬರಿ ಫೋನ್ ಇದ್ದಿದ್ದರೆ ಆ ಹುಡುಗ ಒಬ್ಬೊಬ್ಬರಿಗೆ ಕರೆ ಮಾಡುತ್ತಾ ಕೂರಬೇಕಿತ್ತು, ನಡುರಾತ್ರಿ ಅರ್ಧ ಜನ ಎತ್ತುತ್ತಲೂ ಇರಲಿಲ್ಲ. ಒಂದೇ ಮಾತು ಒಂದೇ ಸಲ ಹದಿನೆಂಟು ಮನೆಗೆ ಹೋಯಿತಲ್ಲ, ನಾನು ಈ ಗ್ರೂಪಿಗೆ ಬೆಲೆ ಕೊಡುವುದು ಅದಕ್ಕೆ.

ಆದರೆ ಅದಾಗಿ ಎರಡೇ ದಿನಕ್ಕೆ ಟವರ್ ಬ್ಯಾಟರಿ ಖಾಲಿಯಾಗಿ ನೆಟ್‌ವರ್ಕೇ ಇಲ್ಲ. ಮೂರು ದಿನ ಊರಿಗೆ ಊರೇ ಮೂಕಿ. ಕೊಟ್ಟಿಗೆಯಲ್ಲಿ ಹಸು ಕರು ಹಾಕಲು ಒದ್ದಾಡುತ್ತಿತ್ತು, ಡಾಕ್ಟರಿಗೆ ಸುದ್ದಿ ಮುಟ್ಟಿಸಲು ನಮ್ಮವರು ಬೈಕಿನಲ್ಲಿ ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಹೋಗಬೇಕಾಯಿತು. ಕರೆಂಟು ಹೋದಾಗ, ದಾರಿ ಕುಸಿದಾಗ, ಹೊಳೆ ಉಕ್ಕಿದಾಗಲೇ ಈ ಸೇವೆ ಬೇಕಾಗುವುದು, ಅಂಥ ಹೊತ್ತಿಗೇ ಅದು ಕೈಕೊಡುವುದು. ಅರ್ಧ ಅಂಕ ಕಳೆದಿದ್ದು ಅದಕ್ಕೆ. ಮಲೆನಾಡಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಜನ ಎದ್ದು ನಿಂತಿದ್ದು ಸಿನಿಮಾ ನೋಡಲಿಕ್ಕೆ ಅಲ್ಲ, ಇಂಥದ್ದಕ್ಕೇ.

ಇನ್ನೊಂದು ಉಪಯೋಗ ನಮ್ಮ ಕಡೆಯವರಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಇವತ್ತಿಗೂ ಬೇಸಿಗೆ ಬಂತೆಂದರೆ ನಮಗೆ ಹೆದರಿಕೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು, ಅಂದರೆ ಉಣ್ಣೆ, ಸುತ್ತ ಹರಡುತ್ತದೆ, ಒಣಗಿದ ಎಲೆಯ ದರಗು ಗುಡಿಸಲು ಹೋದವರಿಗೆ, ದನ ಮೇಯಿಸುವವರಿಗೆ ಕಚ್ಚುತ್ತದೆ. ಮೊದಲೆಲ್ಲ ಸತ್ತ ಮಂಗ ಕಂಡರೆ ಯಾರೋ ಯಾರಿಗೋ ಹೇಳಿ, ಆಸ್ಪತ್ರೆಯವರಿಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ದಿನ. ಈಗ ಕಂಡವರು ದೂರ ನಿಂತು ಫೋಟೋ ತೆಗೆದು ಲೊಕೇಶನ್ ಸಮೇತ ಗ್ರೂಪಿಗೆ ಹಾಕುತ್ತಾರೆ. ಆಶಾ ಕಾರ್ಯಕರ್ತೆ ಮೇಲಿನವರಿಗೆ ತಿಳಿಸುತ್ತಾರೆ. ‘ಆ ಬೆಟ್ಟಕ್ಕೆ ಸದ್ಯ ಯಾರೂ ಸೊಪ್ಪಿಗೆ ಹೋಗಬೇಡಿ, ಹೋಗುವುದೇ ಆದರೆ ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೆ ಬಿಸಿನೀರಲ್ಲಿ ಸ್ನಾನ ಮಾಡಿ’ ಅಂತ ಅವರೇ ಬರೆಯುತ್ತಾರೆ. ಅದೇ ಗ್ರೂಪಿಗೆ ಒಂದು ಸಲ ಯಾವುದೋ ಕಷಾಯದ ಫಾರ್ವರ್ಡ್ ಬಂತು, ಮೂರು ದಿನ ಕುಡಿದರೆ ಮಂಗನ ಕಾಯಿಲೆ ಹತ್ತಿರವೂ ಬರುವುದಿಲ್ಲ ಅಂತ. ಇಬ್ಬರು ಆಗಲೇ ಸೊಪ್ಪು ಹುಡುಕಲು ಹೊರಟಿದ್ದರು. ಆಶಾ ಅಕ್ಕ ಒಂದೇ ಸಾಲು ಬರೆದರು, ‘ಇದು ಸುಳ್ಳು, ಜ್ವರ ಬಂದರೆ ಮೊದಲು ನನಗೆ ಫೋನ್ ಮಾಡಿ.’ ಅಲ್ಲಿಗೆ ಮುಗಿಯಿತು. ಸುಳ್ಳು ಬರುವುದನ್ನು ಯಾರೂ ತಡೆಯಲಾಗದು, ಆದರೆ ಸುಳ್ಳು ಅಂತ ಹೇಳುವವರು ಅದೇ ಗ್ರೂಪಿನಲ್ಲಿ ಇದ್ದರೆ ಅದು ಬೆಳೆಯುವುದಿಲ್ಲ.

ಹೇಳುವವರು ಇಲ್ಲದ ಕಡೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜು ದೇಶದ ತುಂಬ ಓಡಾಡಿತು. ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡಲು ಬಾರದ ಹಾಗೆ ವಾಟ್ಸಾಪ್ ನಿಯಮ ತಂದಿತು. ಒಳ್ಳೆಯ ಕೆಲಸವೇ. ಆದರೆ ಐದು ಗ್ರೂಪಿಗೆ ಇನ್ನೂರು ಇನ್ನೂರು ಜನ ಅಂದರೂ ಸಾವಿರ ಆಯಿತಲ್ವಾ?

ಮಳೆ ರಜೆಯ ವಿಷಯ ತೆಗೆದುಕೊಳ್ಳಿ. ಜೂನ್ ಜುಲೈನಲ್ಲಿ ನಮ್ಮ ಜಿಲ್ಲೆಯ ಮಕ್ಕಳು ರಾತ್ರಿ ಮಲಗುವ ಮುಂಚೆ ಕೇಳುವುದು ಒಂದೇ, ‘ಡಿಸಿ ರಜೆ ಕೊಟ್ರಾ?’ ನನ್ನ ಮಗ ಒಂಬತ್ತನೇ ಕ್ಲಾಸು. ಈ ವರ್ಷ ಒಂದು ರಾತ್ರಿ ಅವನ ಗೆಳೆಯರ ಗ್ರೂಪಿಗೆ ಆದೇಶದ ಫೋಟೋ ಬಂತು. ಸೀಲು ಇದೆ, ಸಹಿ ಇದೆ, ಹೊಸನಗರ ತಾಲ್ಲೂಕು ಅಂತಲೂ ಇದೆ. ಮಗ ಕುಣಿದಾಡಿಬಿಟ್ಟ. ನಾನು ಬೆಳಗ್ಗೆ ತಿಂಡಿಗೆ ಅವಸರ ಇಲ್ಲ ಅಂತ ಅಕ್ಕಿ ನೆನೆಹಾಕದೆ ಮಲಗಿದೆ. ಬೆಳಗ್ಗೆ ಎಂಟಕ್ಕೆ ಟೀಚರ್ ಫೋನು, ಪರೀಕ್ಷೆ ಇದೆಯಲ್ಲ, ಬರಲಿಲ್ಲ ಯಾಕೆ ಅಂತ. ಆಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತಾರೀಕಿನ ಅಂಕಿ ಉಳಿದ ಅಕ್ಷರಕ್ಕಿಂತ ತುಸು ದಪ್ಪ. ಅದರ ಸುತ್ತ ಕಾಗದದ ಬಣ್ಣಕ್ಕಿಂತ ಬೆಳ್ಳಗಿನ ಒಂದು ಪಟ್ಟಿ. ಹಳೇ ಆದೇಶಕ್ಕೆ ಹೊಸ ತಾರೀಕು ಅಂಟಿಸಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಶಾಲೆಯವರು ಹೇಳಿದರೆ ಮಾತ್ರ ರಜೆ. ಟೀಚರೂ ಈಗ ರಾತ್ರಿ ಒಂಬತ್ತಕ್ಕೆ ‘ನಾಳೆ ಶಾಲೆ ಇದೆ’ ಅಂತ ತಾವೇ ಬರೆದುಬಿಡುತ್ತಾರೆ, ರಜೆಯ ಸುದ್ದಿ ಇಲ್ಲದ ದಿನವೂ. ಆ ಒಂದು ಸಾಲಿಗೆ ನಾನು ಅವರಿಗೆ ಎಷ್ಟು ಋಣಿ ಅಂತ ಹೇಳಲಿಕ್ಕಾಗದು.

ಜೋಗದ ವಿಡಿಯೋವೂ ಹೀಗೆಯೇ. ಮಳೆ ಹಿಡಿದ ಮೊದಲ ವಾರವೇ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಧುಮುಕುವ ವಿಡಿಯೋ ಬರುತ್ತದೆ, ‘ಇವತ್ತಿನ ಜೋಗ’ ಅಂತ ಬರೆದು. ಜೋಗದ ಮೇಲಿರುವ ಲಿಂಗನಮಕ್ಕಿ ಡ್ಯಾಮಿನ ಗರಿಷ್ಠ ಮಟ್ಟ 1819 ಅಡಿ, ಅದರ ಹತ್ತಿರ ಬಂದು ಗೇಟು ಎತ್ತಿದರೆ ತಾನೆ ಆ ಥರ ಬೀಳುವುದು? ಮೊದಲ ವಾರದ ಮಳೆಗೆ ಎಲ್ಲಿಂದ ಬರಬೇಕು ಅಷ್ಟು ನೀರು? ದೂರದಿಂದ ಕಾರು ಮಾಡಿಕೊಂಡು ಬಂದವರು ಮಂಜು ನೋಡಿಕೊಂಡು ಹೋಗುತ್ತಾರೆ. ಬಂದು ಹೋದರೆ ಪರವಾಗಿಲ್ಲ, ಬಂಡೆಯ ಅಂಚಿಗೆ ಹೋಗಿ ವಿಡಿಯೋ ಮಾಡುವುದು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ನಮ್ಮ ಜಿಲ್ಲೆಯ ಒಬ್ಬ ಹುಡುಗ ಬಂಡೆ ಮೇಲೆ ನಿಂತು ನೀರು ನೋಡುತ್ತಿದ್ದವನು ಕಾಲು ಜಾರಿ ಹೋದ. ಜೊತೆಗಿದ್ದವರು ವಿಡಿಯೋ ಮಾಡುತ್ತಿದ್ದರು. ಆ ಮಗುವಿನ ಕೊನೆಯ ಕ್ಷಣ ಎಷ್ಟೋ ಫೋನಿಗೆ ಹೋಯಿತು, ನಮ್ಮ ಗ್ರೂಪಿಗೂ ಬಂತು. ಅಡ್ಮಿನ್ ಹತ್ತೇ ನಿಮಿಷದಲ್ಲಿ ಅಳಿಸಿದರು. ಯಾರೋ ಹೆತ್ತ ಮಗ ಅವನು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾವು ಪೆಟ್ಟು ತಿಂದಿದ್ದೇವೆ, ಲಾಭವನ್ನೂ ಮಾಡಿದ್ದೇವೆ.

ಪೆಟ್ಟು ಮೊದಲು. ಅಡಿಕೆ ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ ನಮ್ಮ ಕಡೆ ಎಲ್ಲರೂ ಉದ್ದ ಕೋಲಿನ ದೋಟಿ ತೆಗೆದುಕೊಳ್ಳುತ್ತಿದ್ದಾರೆ. ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಕಾರ್ಬನ್ ಫೈಬರಿನದು ಹಗುರ, ಆದರೆ ರೇಟು ಜಾಸ್ತಿ. ಒಂದು ಪೇಜಿನಲ್ಲಿ ಅರ್ಧ ರೇಟಿಗೆ ಜಾಹೀರಾತು ಬಂತು. ಕನ್ನಡದಲ್ಲೇ ವಿಡಿಯೋ, ತೋಟವೂ ನಮ್ಮ ತೋಟದ ಹಾಗೇ. ನಮ್ಮವರು 9000 ಅಡ್ವಾನ್ಸ್ ಹಾಕಿದರು. ಮೂರನೇ ದಿನಕ್ಕೆ ಪೇಜೂ ಇಲ್ಲ, ಫೋನೂ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930 ನಂಬರಿಗೆ ಕರೆ ಮಾಡಬೇಕು ಅಂತ ಗೊತ್ತಾಗಿದ್ದೇ ಇನ್ನೆರಡು ದಿನ ಬಿಟ್ಟು, ಅಷ್ಟರಲ್ಲಿ ದುಡ್ಡು ಎಲ್ಲೆಲ್ಲೋ ಹೋಗಿತ್ತು. ದಯವಿಟ್ಟು ಆ ನಂಬರು ನೆನಪಿಟ್ಟುಕೊಳ್ಳಿ, 1930. ದುಡ್ಡು ಹೋದ ಕೂಡಲೆ, ಮನೆಯವರಿಗೆ ಹೇಳುವ ಮುಂಚೆಯೇ, ಅದಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ನಮ್ಮವರು ನಾಚಿಕೆಯಿಂದ ಹದಿನೈದು ದಿನ ಊರಲ್ಲಿ ಯಾರಿಗೂ ಹೇಳಲಿಲ್ಲ. ಕೊನೆಗೆ ನಾನೇ ಗ್ರೂಪಿಗೆ ಬರೆದೆ. ಆಗ ಇನ್ನೂ ಇಬ್ಬರು ನಮಗೂ ಹಾಗೇ ಆಗಿದೆ ಅಂದರು. ಮತ್ತೊಬ್ಬರು ಅದೇ ಪೇಜಿಗೆ ದುಡ್ಡು ಹಾಕಲು ಹೊರಟಿದ್ದವರು ನಿಲ್ಲಿಸಿದರು. ಆಮೇಲೆ ತೀರ್ಥಹಳ್ಳಿಯ ಒಂದು ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ಎತ್ತಿ ನೋಡಿ, ದೋಟಿ ತಂದೆವು. ಆ ಅಂಗಡಿ ತೋರಿಸಿದ್ದೂ ಗ್ರೂಪಿನವರೇ.

ಇನ್ನೊಂದು ಪೆಟ್ಟು 2022ರ ಸೆಪ್ಟೆಂಬರಿನಲ್ಲಿ. ಭೂತಾನಿನಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟ ಸುದ್ದಿ ಬಂತು. ಸುದ್ದಿ ನಿಜವೇ. ಆದರೆ ಅದು ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಾ ‘ಹಸಿ’ ಅನ್ನುವ ಪದ ಬಿದ್ದುಹೋಯಿತು, ‘ಅಡಿಕೆ ಕಥೆ ಮುಗಿಯಿತು’ ಅನ್ನುವ ಪದ ಸೇರಿತು. ದೇಶದಲ್ಲಿ ಲಕ್ಷಗಟ್ಟಲೆ ಟನ್ ಬೆಳೆಯುವಾಗ ಅದು ಎಷ್ಟರದು ಅಂತ ಯಾರೂ ಲೆಕ್ಕ ಹಾಕಲಿಲ್ಲ. ನಮ್ಮವರು ಆ ರಾತ್ರಿ ನಿದ್ದೆ ಮಾಡದೆ, ಬೆಳಗ್ಗೆ ಎದ್ದವರೇ ಮನೆಯಲ್ಲಿದ್ದ ಮೂರು ಕ್ವಿಂಟಲ್ ರಾಶಿ ಇಡಿ ಅಡಿಕೆಯನ್ನು ಮಂಡಿಗೆ ಹಾಕಿಬಂದರು. ಮಾವ ಇದ್ದಿದ್ದರೆ ಹಾಗೆ ಮಾಡಲು ಬಿಡುತ್ತಿರಲಿಲ್ಲ. ಪೇಪರ್ ಬರಲಿ, ನೋಡೋಣ ಅನ್ನುತ್ತಿದ್ದರು.

ಲಾಭ ಅಂದರೆ ನನ್ನ ಓರಗಿತ್ತಿಯದು. ಅವಳ ಕೈಯ ಮಿಡಿ ಉಪ್ಪಿನಕಾಯಿ ನಮ್ಮ ಕಡೆ ಹೆಸರುವಾಸಿ. ಹೊಳೆ ದಂಡೆಯ ಅಪ್ಪೆಮಿಡಿ, ತೊಟ್ಟು ಮುರಿಯದ ಹಾಗೆ ಕೊಯ್ಯಿಸಿ, ಉಪ್ಪಿನಲ್ಲಿ ಚಿರುಟಿಸಿ ಹಾಕುತ್ತಾಳೆ. ಮೊದಲು ನೆಂಟರಿಗೆ ಮಾತ್ರ. ನಾಲ್ಕು ವರ್ಷದ ಹಿಂದೆ ಭರಣಿಯ ಫೋಟೋ ಒಂದನ್ನು ಸ್ಟೇಟಸ್‌ಗೆ ಹಾಕಿದಳು, ಮಾರುವ ಯೋಚನೆಯೇ ಇರಲಿಲ್ಲ. ಬೆಂಗಳೂರಿನ ಹುಡುಗಿಯೊಬ್ಬಳು ಎರಡು ಕೆಜಿ ಕೇಳಿದಳು. ಆಮೇಲೆ ಅವಳ ಆಫೀಸಿನವರು. ಈಗ ಹಲಸಿನ ಹಪ್ಪಳ, ಜೋನಿಬೆಲ್ಲವನ್ನೂ ಕಳಿಸುತ್ತಾಳೆ, ಹೊಸನಗರದಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್. ಅಂಗಡಿ ಬಾಡಿಗೆ ಇಲ್ಲ, ಮಧ್ಯದವರಿಲ್ಲ, ಜಾಹೀರಾತಿಗೆ ಒಂದು ರೂಪಾಯಿ ಖರ್ಚಿಲ್ಲ. ಮಗಳ ಕಾಲೇಜು ಫೀಸನ್ನು ತಾನೇ ಕಟ್ಟಿದಳು ಈ ಸಲ. ರಸೀದಿಯನ್ನು ನನಗೆ ತೋರಿಸುವಾಗ ಅವಳ ಮುಖ ನೋಡಬೇಕಿತ್ತು.

ನನ್ನ ಮಗಳ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅವಳನ್ನೇ ಕೇಳಿದೆ, ಬರಿ ಅಮ್ಮ ಅಂದಳು. ಅವಳು ಶಿವಮೊಗ್ಗದಲ್ಲಿ ಪಿಯು ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್. ನನ್ನ ಅತ್ತೆಗೆ 78, ಆ ಹೊತ್ತಿಗೆ ಸರಿಯಾಗಿ ಜಗಲಿ ಮೇಲೆ ಬಂದು ಕೂರುತ್ತಾರೆ. ಅಂಗಳದ ಡೇರೆ ಹೂವಿಗೆ ಫೋನು ಹಿಡಿದು ‘ನೋಡು ಕೂಸೆ, ಇವತ್ತು ಎರಡು ಬಿಟ್ಟಿದೆ’ ಅಂತ ತೋರಿಸುತ್ತಾರೆ. ಮೊದಮೊದಲು ಹೂವಿನ ಬದಲು ಅವರ ಹೆಬ್ಬೆರಳೇ ಕಾಣುತ್ತಿತ್ತು, ಈಗ ಚೆನ್ನಾಗಿ ಕಲಿತಿದ್ದಾರೆ. ಇಷ್ಟು ದೂರ ಇದ್ದೂ ಅಜ್ಜಿ ಮೊಮ್ಮಗಳು ದಿನಾ ಮುಖ ನೋಡುತ್ತಾರಲ್ಲ, ನಾನು ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್.

ಅದೇ ಮಗಳು ಹೋದ ವರ್ಷ ಯಕ್ಷಗಾನದ ವೇಷ ಕಟ್ಟಿ ಕುಣಿದ ವಿಡಿಯೋ ಒಂದನ್ನು ಹಾಕಿದಳು. ಆರು ತಿಂಗಳು ಕಲಿತಿದ್ದಳು. ಚೆನ್ನಾಗಿದೆ ಅಂತ ನಲವತ್ತಕ್ಕೂ ಜಾಸ್ತಿ ಜನ ಬರೆದರು. ಮೂರು ಜನ ಮಾತ್ರ ಅವಳ ಬಣ್ಣದ ಬಗ್ಗೆ, ಮೈಕಟ್ಟಿನ ಬಗ್ಗೆ ಬರೆದರು. ಹೆಸರಿಲ್ಲ, ಮುಖ ಇಲ್ಲ. ಅವಳು ನಲವತ್ತನ್ನು ಮರೆತಳು, ಮೂರನ್ನು ಬಾಯಿಪಾಠ ಮಾಡಿಕೊಂಡಳು. ವಿಡಿಯೋ ತೆಗೆದುಹಾಕಿದಳು. ರಜೆಗೆ ಊರಿಗೆ ಬಂದಾಗ ಗೆಜ್ಜೆ ಮುಟ್ಟಲಿಲ್ಲ. ನಮ್ಮೂರ ದೇವಸ್ಥಾನದ ಎದುರು ಕುಣಿದಿದ್ದರೆ ಯಾರಾದರೂ ಅವಳ ಮುಖಕ್ಕೆ ಹಾಗೆ ಹೇಳುತ್ತಿದ್ದರಾ? ಹೇಳಿದ್ದರೆ ಪಕ್ಕದಲ್ಲಿದ್ದವರು ಸುಮ್ನೆ ಬಿಡುತ್ತಿದ್ದರಾ? ಈ ದೀಪಾವಳಿಗೆ ಮತ್ತೆ ಕಟ್ಟಿದಳು ಗೆಜ್ಜೆ, ಅಜ್ಜಿ ಎದುರಿಗೆ, ಚಾವಡಿಯಲ್ಲಿ. ವಿಡಿಯೋ ಬೇಡ ಅಂದಳು. ಯಾರೂ ಮಾಡಲಿಲ್ಲ.

ಚಿಕ್ಕ ವಿಡಿಯೋಗಳಿಗೆ ಒಂದೇ ಅಂಕ ಕೊಟ್ಟಿದ್ದಕ್ಕೆ ಕಾರಣ ನನ್ನ ಮಧ್ಯಾಹ್ನಗಳು. ಊಟ ಆದ ಮೇಲೆ ಹತ್ತು ನಿಮಿಷ ಅಂತ ಕೂತರೆ ಹಸುಗಳು ಕೂಗಿದಾಗಲೇ ಎಚ್ಚರ. ಏನು ನೋಡಿದೆ ಅಂತ ಕೇಳಿದರೆ ಒಂದೂ ನೆನಪಿಲ್ಲ. ಮೊದಲು ಆ ಹೊತ್ತಿನಲ್ಲಿ ಅತ್ತೆಯ ಜೊತೆ ಬಾಳೆನಾರು ಬಿಡಿಸುತ್ತಾ, ಹೂವು ಕಟ್ಟುತ್ತಾ ಎಷ್ಟೊಂದು ಮಾತಾಡುತ್ತಿದ್ದೆವು. ಅವರ ಹತ್ತಿರ ಕೇಳಿ ಬರೆದಿಟ್ಟುಕೊಂಡ ಹಾಡುಗಳ ನೋಟ್‌ಬುಕ್ಕು ಅರ್ಧಕ್ಕೇ ನಿಂತುಬಿಟ್ಟಿತ್ತು. ಹೋದ ಸಂಕ್ರಾಂತಿಗೆ ಆ ಆ್ಯಪನ್ನು ತೆಗೆದೆ. ಒಂದು ವಾರ ಕೈ ತಾನೇ ಫೋನಿನ ಕಡೆ ಹೋಗುತ್ತಿತ್ತು, ಆಮೇಲೆ ಬಿಟ್ಟುಹೋಯಿತು. ನೋಟ್‌ಬುಕ್ಕಿನಲ್ಲಿ ಈಗ ಮತ್ತೆ ಹನ್ನೊಂದು ಹಾಡು ಸೇರಿವೆ.

ಗ್ರೂಪು ನಡೆಸುವವರಿಗೆ ನಮ್ಮ ಅನುಭವದ ಒಂದೆರಡು ಮಾತು. ನಮ್ಮಲ್ಲಿ ಗುಡ್ ಮಾರ್ನಿಂಗ್ ಹಾಕುವಂತಿಲ್ಲ, ರಾಜಕೀಯ ಇಲ್ಲ, ಜಾತಿ ಧರ್ಮ ಇಲ್ಲ. 2023ರ ಚುನಾವಣೆ ಹೊತ್ತಿನಲ್ಲಿ ಅಣ್ಣ ತಮ್ಮಂದಿರ ಎರಡು ಮನೆ ಗ್ರೂಪಿನಲ್ಲೇ ಜಗಳವಾಡಿ, ಒಂದೇ ಬೇಲಿಯ ಆಚೀಚೆ ಇದ್ದೂ ನಾಲ್ಕು ತಿಂಗಳು ಮಾತು ಬಿಟ್ಟರು. ಆಮೇಲೆ ಬಂದ ನಿಯಮ ಇದು. ಗೊತ್ತಿಲ್ಲದವರು ನಿಮ್ಮನ್ನು ಗ್ರೂಪಿಗೆ ಸೇರಿಸದ ಹಾಗೆ ಪ್ರೈವಸಿ ಸೆಟ್ಟಿಂಗಿನಲ್ಲಿ ಬದಲಿಸಬಹುದು, ಮಾಡಿಕೊಳ್ಳಿ. ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಮದುವೆ ಕಾಗದ ಅಂತ ಬಂದ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಒತ್ತಲೇಬೇಡಿ, ಅದು ಕಾಗದ ಅಲ್ಲ, ಫೋನಿನೊಳಗೆ ಕಳ್ಳನನ್ನು ಬಿಟ್ಟುಕೊಳ್ಳುವ ಆ್ಯಪ್. ನನ್ನ ಅತ್ತೆಯ ನಿಯಮ ಇನ್ನೂ ಸುಲಭ. ‘ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯದೆ ಇದ್ದದ್ದು ಎಂಥ ಮದುವೆ ಕಾಗದ ಮಾರಾಯ್ತಿ? ತೆಗೀಲೇಬೇಡ’ ಅನ್ನುತ್ತಾರೆ.

ಇದನ್ನು ಬರೆಯುತ್ತಿರುವಾಗಲೇ ಗ್ರೂಪಿನಲ್ಲಿ ಕೆಳಗಿನಮನೆಯವರು ಕೇಳಿದ್ದಾರೆ, ನಾಳೆ ಮಳೆ ಬಿಟ್ಟು ಹೊಳವಾದರೆ ಅಡಿಕೆಗೆ ಬೋರ್ಡೊ ಔಷಧಿ ಹೊಡೆಸಬೇಕು, ಮೈಲುತುತ್ತ ಇದೆ, ಸುಣ್ಣ ಸಾಲದು, ಯಾರ ಮನೆಯಲ್ಲಿದೆ ಅಂತ. ನಮ್ಮ ಅಟ್ಟದಲ್ಲಿ ನಾಲ್ಕು ಕೆಜಿ ಉಳಿದಿದೆ, ನಾಲ್ಕು ನೂರು ಲೀಟರಿಗೆ ಸಾಕು. ಬೆಳಗ್ಗೆ ಹಾಲು ಹಾಕಲು ಹೋಗುವಾಗ ಕೊಟ್ಟು ಹೋಗುತ್ತೇನೆ ಅಂತ ಬರೆದೆ.